ಫೀಸೂ ಅವಳದೇ, ದುಡಿಮೆಯೂ ಅವಳದೇ

ನರ್ಸಿಂಗ್ ಓದುವ ಮಕ್ಕಳ ಮೇಲಿನ ಒತ್ತಡದ ಬಗ್ಗೆ ಈಚೆಗೆ ಮಾತು ಹೆಚ್ಚಾಗಿದೆ. ಮಾತಿನ ಜಾಡು ಮಾತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮಕ್ಕಳಿಗೆ ಧೈರ್ಯ ಸಾಲದು, ನಿದ್ದೆ ಸಾಲದು, ಮೊಬೈಲ್ ಹೆಚ್ಚಾಯಿತು. ಆದ್ದರಿಂದ ಯೋಗ ಕಲಿಸಿ, ಧ್ಯಾನ ಮಾಡಿಸಿ, ಕಾಲೇಜಿಗೊಬ್ಬ ಆಪ್ತ ಸಮಾಲೋಚಕರನ್ನು ನೇಮಿಸಿ ಎಂಬಲ್ಲಿಗೆ ಸಭೆ ಮುಗಿಯುತ್ತದೆ. ಇದರಲ್ಲಿ ಯಾವುದನ್ನೂ ಬೇಡವೆನ್ನಲು ಕಾರಣವಿಲ್ಲ. ಆದರೆ ನೋವು ಇರುವ ಜಾಗ ಬಿಟ್ಟು ಬೇರೆ ಕಡೆ ಮುಲಾಮು ಹಚ್ಚುತ್ತಿದ್ದೇವೆ ಎಂಬುದು ನನ್ನ ವಾದ. ನರ್ಸಿಂಗ್ ವಿದ್ಯಾರ್ಥಿನಿಯ ಒತ್ತಡದ ಬಹುಪಾಲು ಅವಳ ಮನಸ್ಸಿನಲ್ಲಿ ಹುಟ್ಟಿದ್ದಲ್ಲ, ಅವಳ ಡ್ಯೂಟಿ ಪಟ್ಟಿಯಲ್ಲಿ ಹುಟ್ಟಿದ್ದು. ಆಕೆ ವಿದ್ಯಾರ್ಥಿಯೋ ಕೆಲಸಗಾರಳೋ ಎಂಬ ಪ್ರಶ್ನೆಗೆ ನಮ್ಮ ಆಸ್ಪತ್ರೆಗಳೂ ಕಾಲೇಜುಗಳೂ ಇವತ್ತಿಗೂ ನೇರವಾಗಿ ಉತ್ತರಿಸಿಲ್ಲ. ಫೀಸು ಕಟ್ಟಿಸಿಕೊಳ್ಳುವಾಗ ಆಕೆ ವಿದ್ಯಾರ್ಥಿ. ರಾತ್ರಿ ಪಾಳಿಗೆ ಜನ ಸಾಲದೆ ಹೋದಾಗ ಕೆಲಸಗಾರಳು. ಸಂಬಳದ ಮಾತು ಬಂತೋ, ಮತ್ತೆ ವಿದ್ಯಾರ್ಥಿ. ಹುಡುಗರೂ ಈ ಓದಿಗೆ ಬರುತ್ತಿದ್ದಾರೆ. ಅವರ ಕಷ್ಟಗಳೂ ಬಹುಮಟ್ಟಿಗೆ ಇವೇ. ಆದರೂ ತರಗತಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚಾದ್ದರಿಂದ ‘ಆಕೆ’ ಎಂದೇ ಮುಂದುವರಿಯುತ್ತೇನೆ.

ಈ ಗೊಂದಲಕ್ಕೆ ಸಾಕಷ್ಟು ವಯಸ್ಸಾಗಿದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನಿಧಿಯಿಂದ ನರ್ಸ್ ತರಬೇತಿ ಶಾಲೆಯೊಂದು ಶುರುವಾಯಿತು. ಸೇರಿದ ಹೆಣ್ಣುಮಕ್ಕಳಿಗೆ ಊಟ, ವಸತಿ, ಸಮವಸ್ತ್ರದ ಜೊತೆಗೆ ವರ್ಷಕ್ಕೆ 10 ಪೌಂಡ್ ಕೈಖರ್ಚು ಸಿಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವರು ವಾರ್ಡುಗಳಲ್ಲಿ ದುಡಿಯಬೇಕಿತ್ತು. ತರಬೇತಿ ಮುಗಿದ ಮೇಲೂ ಕೆಲವು ವರ್ಷ ನಿಧಿಯವರು ಹೇಳಿದ ಆಸ್ಪತ್ರೆಯಲ್ಲಿ ಸೇವೆ ಮಾಡಬೇಕಿತ್ತು. ರೋಗಿಗಳ ಸೇವೆಯೆಂದರೆ ಗತಿಯಿಲ್ಲದವರ ಕೆಲಸ ಎಂದು ಬಗೆಯುತ್ತಿದ್ದ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೆ ಆ ಮಾದರಿ ಹಬ್ಬಿದಂತೆಲ್ಲ ಆಸ್ಪತ್ರೆಗಳಿಗೆ ಇನ್ನೊಂದು ಸತ್ಯ ಹೊಳೆಯಿತು: ಶಾಲೆಯೊಂದನ್ನು ತೆರೆದರೆ ವಾರ್ಡಿಗೆ ಅಗ್ಗದ ಕೈಗಳು ತಪ್ಪದೆ ಒದಗುತ್ತವೆ. 1923ರಲ್ಲಿ ಅಮೆರಿಕದಲ್ಲಿ ಹೊರಬಂದ ಜೋಸೆಫೀನ್ ಗೋಲ್ಡ್‌ಮಾರ್ಕ್ ಅವರ ವರದಿ ಇದನ್ನೇ ಬೊಟ್ಟುಮಾಡಿ ತೋರಿಸಿತು. ಆಸ್ಪತ್ರೆ ನಡೆಸುವ ಶಾಲೆಗಳಲ್ಲಿ ಆಸ್ಪತ್ರೆಯ ಅಗತ್ಯ ಮೊದಲು, ವಿದ್ಯಾರ್ಥಿನಿಯ ಕಲಿಕೆ ಆಮೇಲೆ ಎಂಬಂತಾಗಿದೆ. ಈ ಶಿಕ್ಷಣ ವಿಶ್ವವಿದ್ಯಾಲಯದ ಕಡೆಗೆ ಸರಿಯಬೇಕು ಎಂದಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ನೂರು ವರ್ಷಗಳ ಹಿಂದಿನ ಆ ದೂರು ಇಂದಿನ ನಮ್ಮ ವಾರ್ಡುಗಳಿಗೂ ಹೊಂದುತ್ತದೆ ಎಂಬುದೇ ಬೇಸರದ ಸಂಗತಿ.

ನಮ್ಮಲ್ಲಿಗೂ ಬಂದದ್ದು ಅದೇ ಮಾದರಿ. ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ತರಬೇತಿ ಶುರುವಾಯಿತು. ಮಿಷನ್ ಆಸ್ಪತ್ರೆಗಳು ಅದನ್ನು ಊರೂರಿಗೆ ಒಯ್ದವು. 1946ರಲ್ಲಿ ಆರೋಗ್ಯ ವ್ಯವಸ್ಥೆಯ ಬಗ್ಗೆ ಭೋರ್ ಸಮಿತಿ ವರದಿ ಕೊಟ್ಟಾಗ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಎಂಬ ಸ್ಥಿತಿ ದೇಶದಲ್ಲಿತ್ತು. ಅಂಥ ಬರಗಾಲದಲ್ಲಿ ತರಬೇತಿಗೆ ಬಂದ ಹುಡುಗಿಯ ಕೈಗೆ ಮೊದಲ ದಿನವೇ ಕೆಲಸ ಹಚ್ಚಿದ್ದರೆ ಯಾರನ್ನೂ ದೂರುವಂತಿಲ್ಲ. ಅದೇ 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಬಿ.ಎಸ್‌ಸಿ. ನರ್ಸಿಂಗ್ ಪದವಿ ಆರಂಭವಾಯಿತು, ಮರುವರ್ಷ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಖಾಸಗಿ ಕಾಲೇಜುಗಳು ಸಾಲುಸಾಲಾಗಿ ತೆರೆದವು. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ, ನೇಪಾಳದಿಂದಲೂ ಮಕ್ಕಳು ಬೆಂಗಳೂರು, ಮಂಗಳೂರು, ತುಮಕೂರು, ಕೋಲಾರಗಳಿಗೆ ಬಂದರು. ಈ ಬೆಳವಣಿಗೆಯ ನಡುವೆ ಹಳೆಯ ಒಪ್ಪಂದದ ಅರ್ಧ ಭಾಗ ಮಾತ್ರ ಬದಲಾಯಿತು. ನೈಟಿಂಗೇಲರ ಶಾಲೆಯಲ್ಲಿ ದುಡಿಮೆಯೇ ಶುಲ್ಕವಾಗಿತ್ತು. ಈಗ ಶುಲ್ಕವನ್ನು ಹಣದಲ್ಲಿ ತೆತ್ತೂ ದುಡಿಮೆ ತಪ್ಪಿಲ್ಲ. ಕಾಲೇಜೆಂಬ ಹೆಸರು ಬಂತು, ಸೆಮಿಸ್ಟರ್ ಬಂತು, ಇಂಟರ್ನಲ್ ಮಾರ್ಕ್ಸ್ ಬಂತು. ಬೆಳಗಿನ ಪಾಳಿಯ ಹಾಸಿಗೆ ಸರಿಪಡಿಸುವ ಕೆಲಸ ಮಾತ್ರ ಅದೇ ಕೈಗಳಲ್ಲಿ ಉಳಿಯಿತು.

ಹೀಗೆಂದ ಕೂಡಲೇ ಎಲ್ಲ ಕಾಲೇಜುಗಳಲ್ಲೂ ಮಕ್ಕಳನ್ನು ದುಡಿಸಿ ದಣಿಸುತ್ತಾರೆಂದು ತಿಳಿಯಬಾರದು. ಇದಕ್ಕೆ ತದ್ವಿರುದ್ಧವಾದ ಕಷ್ಟವೂ ಉಂಟು, ಅದು ಇನ್ನೂ ಗೋಜಲಿನದು. ದೊಡ್ಡ ಆಸ್ಪತ್ರೆಗೆ ಅಂಟಿಕೊಂಡ ಶಾಲೆಯ ಹುಡುಗಿಗೆ ಕೆಲಸ ಹೆಚ್ಚು, ಕಲಿಸುವವರು ಕಡಿಮೆ. ಸ್ವಂತ ಆಸ್ಪತ್ರೆ ಹೆಸರಿಗಷ್ಟೇ ಇರುವ ಕಾಲೇಜಿನ ಹುಡುಗಿಗೆ ರೋಗಿಯೇ ಅಪರೂಪ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕದಲ್ಲಿ ಹಾಸಿಗೆಗಳಿರಬೇಕು ಎಂಬುದು ಪರಿಷತ್ತಿನ ಅಳತೆ. ಹಲವು ಕಾಲೇಜುಗಳ ಮಕ್ಕಳು ಒಂದೇ ಸರ್ಕಾರಿ ಆಸ್ಪತ್ರೆಗೆ ಬಸ್ಸಿನಲ್ಲಿ ಬಂದಿಳಿದಾಗ ಈ ಅಳತೆ ತಿರುಗುಮುರುಗಾಗುತ್ತದೆ; ಒಂದು ಹಾಸಿಗೆಯ ಸುತ್ತ ಮೂರು ಬಣ್ಣದ ಸಮವಸ್ತ್ರಗಳು ನಿಲ್ಲುತ್ತವೆ. ಒಬ್ಬಳು ಬಿ.ಪಿ. ನೋಡುತ್ತಾಳೆ, ಉಳಿದವರು ಅದನ್ನೇ ಬರೆದುಕೊಳ್ಳುತ್ತಾರೆ. ರೋಗಿಯ ಗತಿಯನ್ನು ಕೇಳುವುದೇ ಬೇಡ. ಈ ಎರಡು ಕಷ್ಟಗಳು ಮೇಲ್ನೋಟಕ್ಕೆ ಉತ್ತರ ದಕ್ಷಿಣ ಎನಿಸಿದರೂ ಬೇರು ಒಂದೇ. ಮೊದಲನೆಯ ಕಡೆ ಲೆಕ್ಕ ಹಾಕಿದ್ದು ಆಸ್ಪತ್ರೆಗೆ ಎಷ್ಟು ಕೈ ಬೇಕೆಂದು; ಎರಡನೆಯ ಕಡೆ ಕಾಲೇಜಿಗೆ ಎಷ್ಟು ಸೀಟು ತುಂಬಬೇಕೆಂದು. ಈ ಹುಡುಗಿ ಇಂದು ಏನು ಕಲಿತಳು ಎಂಬುದು ಎರಡು ಲೆಕ್ಕದಲ್ಲೂ ಇಲ್ಲ.

ಕಲಿಕೆಯನ್ನು ಅಳೆಯುವ ವ್ಯವಸ್ಥೆಯೇ ಇಲ್ಲವೆಂದಲ್ಲ. ಅಳೆಯುವುದು ಹಾಜರಿಯನ್ನು, ಸಂಖ್ಯೆಯನ್ನು. ನಿಯಮದಂತೆ ಪರೀಕ್ಷೆಗೆ ಕೂರಲು ತರಗತಿಯಲ್ಲಿ ಶೇ. 80 ಹಾಜರಿ ಸಾಕು. ಆದರೆ ಪದವಿ ಕೈಗೆ ಸಿಗುವ ಮೊದಲು ಪ್ರಾಯೋಗಿಕ ತರಬೇತಿಯಲ್ಲಿ ಶೇ. 100 ತುಂಬಿರಬೇಕು. ರೋಗಿಯ ಜೀವದ ಪ್ರಶ್ನೆಯಾದ್ದರಿಂದ ಈ ಬಿಗಿ ಬೇಕೆಂದು ಯಾರಾದರೂ ಒಪ್ಪುತ್ತಾರೆ. ಅದರ ಪರಿಣಾಮವನ್ನೂ ಕಾಣಬೇಕು. ಜ್ವರ ಬಂದು ಮಲಗಿದ ದಿನ, ಮನೆಯಲ್ಲಿ ಸಾವಾಗಿ ಊರಿಗೆ ಹೋದ ದಿನ, ಎಲ್ಲವೂ ಬಾಕಿಯಾಗಿ ಹಿಂಬಾಲಿಸುತ್ತವೆ; ರಜೆಯಲ್ಲಿ ಅದನ್ನು ತೀರಿಸಬೇಕು. ಬಾಕಿ ತೀರಿಸುವ ದಿನ ಕಲಿಸುವವರು ಹತ್ತಿರವಿರುತ್ತಾರೆಂಬ ಖಾತರಿಯಿಲ್ಲ, ಸಹಿ ಮುಖ್ಯ. ಇನ್ನು ಹೆರಿಗೆಗಳ ಲೆಕ್ಕ. 2021ರ ಪರಿಷ್ಕರಣೆಗೆ ಮುಂಚಿನ ಬಿ.ಎಸ್‌ಸಿ. ಪಠ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿ 20 ಸಹಜ ಹೆರಿಗೆಗಳನ್ನು ಮಾಡಿಸಿ ಪುಸ್ತಕದಲ್ಲಿ ದಾಖಲಿಸಬೇಕಿತ್ತು. ಹೆರಿಗೆ ವಾರ್ಡಿನಲ್ಲಿ ಅದೇ ಹೆರಿಗೆಗಾಗಿ ವೈದ್ಯಕೀಯ ವಿದ್ಯಾರ್ಥಿಗಳು, ಸ್ನಾತಕೋತ್ತರ ವೈದ್ಯರು, ಜಿ.ಎನ್.ಎಂ. ಡಿಪ್ಲೊಮಾದ ಮಕ್ಕಳು ಎಲ್ಲರೂ ಕಾದು ನಿಂತಿರುತ್ತಾರೆ; ಹುಡುಗರನ್ನಂತೂ ಎಷ್ಟೋ ಕಡೆ ಒಳಗೇ ಬಿಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಅಂದರೆ ಕಲಿಯುವವರು ಹೆಚ್ಚಿದ ಕಾಲದಲ್ಲೇ ಸಹಜ ಹೆರಿಗೆಯ ಪಾಲು ಇಳಿದಿದೆ. ಲೆಕ್ಕ ಕೂಡದಿದ್ದಾಗ ಪುಸ್ತಕ ತುಂಬುವ ದಾರಿ ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ. ಕಂಡಿರದ ಹೆರಿಗೆಯನ್ನು ಕಂಡಂತೆ ಬರೆಯುವುದು ಮೊದಲ ಸಲ ಕಳವಳ ತರುತ್ತದೆ, ಐದನೆಯ ಸಲ ಅಭ್ಯಾಸವಾಗುತ್ತದೆ. ರಾತ್ರಿ ನಿದ್ದೆಗೆಟ್ಟು ರೆಕಾರ್ಡ್ ಬರೆಯುವ ಆಯಾಸಕ್ಕಿಂತ ಇದು ಕೆಟ್ಟ ಒತ್ತಡ ಎಂಬುದು ನನ್ನ ಎಣಿಕೆ. ಆಯಾಸ ರಜೆಯಲ್ಲಿ ಇಳಿದೀತು. ತನಗೆ ಬಾರದ ಕೆಲಸಕ್ಕೆ ತನ್ನ ಹೆಸರಿನಲ್ಲಿ ಪ್ರಮಾಣಪತ್ರವಿದೆ ಎಂಬ ಅರಿವು ಕೆಲಸಕ್ಕೆ ಸೇರಿದ ಮೇಲೆ ಇನ್ನಷ್ಟು ಬಲಿಯುತ್ತದೆ.

ಭಾಷೆಯ ತೊಡಕನ್ನೂ ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿ.ಯು.ಸಿ.ಯಲ್ಲಿ ಕಲಾ ವಿಭಾಗ ಮುಗಿಸಿ ಜಿ.ಎನ್.ಎಂ.ಗೆ ಸೇರಿದ ರಾಯಚೂರಿನ ಹುಡುಗಿ ಮೊದಲ ತಿಂಗಳಲ್ಲೇ ಶರೀರ ರಚನೆ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಇಂಗ್ಲಿಷಿನಲ್ಲಿ ಎದುರಿಸುತ್ತಾಳೆ. ಹಾಸಿಗೆಯಲ್ಲಿರುವ ಅಜ್ಜಿಗೆ ಎಲ್ಲಿ ನೋವು, ಎಷ್ಟು ಹೊತ್ತಿನಿಂದ, ಗುಳಿಗೆ ನುಂಗಿದ್ದಾರೋ ದಿಂಬಿನಡಿ ಇಟ್ಟಿದ್ದಾರೋ ಎಂಬುದನ್ನೆಲ್ಲ ಎರಡು ನಿಮಿಷದಲ್ಲಿ ತಿಳಿದುಕೊಳ್ಳಬಲ್ಲಳು. ವೈವಾದಲ್ಲಿ ಪರೀಕ್ಷಕರ ಎದುರು ಬಾಯಿ ಕಟ್ಟುತ್ತದೆ. ಹೊರರಾಜ್ಯದಿಂದ ಬಂದ ಸಹಪಾಠಿಯ ಕಷ್ಟ ಇದಕ್ಕೆ ತಿರುವುಮುರುವು: ಪುಸ್ತಕ ಅರ್ಥವಾಗುತ್ತದೆ, ಅಜ್ಜಿ ಅರ್ಥವಾಗುವುದಿಲ್ಲ. ಅಂಕ ಸಿಗುವುದು ಒಂದು ಶಕ್ತಿಗೆ ಮಾತ್ರ. ಕನ್ನಡ ಬಾರದವರಿಗೆ ವಾರ್ಡಿನ ಕನ್ನಡವನ್ನೂ, ಇಂಗ್ಲಿಷ್ ತೊಡರುವವರಿಗೆ ಕೇಸ್ ಶೀಟಿನ ಇಂಗ್ಲಿಷನ್ನೂ ಮೊದಲ ವರ್ಷದಲ್ಲಿ ಕಲಿಸುವುದಕ್ಕೆ ದೊಡ್ಡ ಖರ್ಚೇನೂ ಬೇಡ.

ಇಲ್ಲಿ ಬರುವ ಮೊದಲ ಆಕ್ಷೇಪ ತೂಕದ್ದು. ನರ್ಸಿಂಗ್ ಕಪ್ಪುಹಲಗೆಯ ಮೇಲೆ ಬರುವ ವಿದ್ಯೆಯಲ್ಲ, ಕೈಯಿಂದ ಮಾಡಿಯೇ ಕಲಿಯಬೇಕು. ವಾರ್ಡಿನ ಕೆಲಸವನ್ನು ದುಡಿಮೆ ಎಂದು ದೂರಿದರೆ ನಾಳೆ ಬೆಡ್‌ಪ್ಯಾನ್ ಮುಟ್ಟದ ನರ್ಸುಗಳು ತಯಾರಾಗುತ್ತಾರೆ ಎನ್ನುತ್ತಾರೆ ಹಿರಿಯರು. ನಿಜ, ಹಾಸಿಗೆಯ ಬಳಿ ನಿಲ್ಲದೆ ಈ ವಿದ್ಯೆ ಬಾರದು. ಆದರೆ ಕಲಿಯಲು ಮಾಡುವ ಕೆಲಸಕ್ಕೂ ಕೊರತೆ ತುಂಬಲು ಮಾಡುವ ಕೆಲಸಕ್ಕೂ ವ್ಯತ್ಯಾಸವಿದೆ, ಅದನ್ನು ಪರೀಕ್ಷಿಸುವುದೂ ಸುಲಭ. ಈ ವಿದ್ಯಾರ್ಥಿನಿ ಇಂದು ಬರದಿದ್ದರೆ ವಾರ್ಡಿನ ಕೆಲಸ ನಿಲ್ಲುತ್ತದೆಯೇ? ನಿಲ್ಲುವುದಾದರೆ ಆಕೆ ಸಿಬ್ಬಂದಿ, ಸಂಬಳ ಕೊಡಿ. ನಿಲ್ಲದಿದ್ದರೆ ಆಕೆ ವಿದ್ಯಾರ್ಥಿ. ಹಾಗಾದರೆ ಇಂದು ಡ್ರೆಸ್ಸಿಂಗ್ ಮಾಡುವಾಗ ಪಕ್ಕದಲ್ಲಿ ಯಾವ ಟ್ಯೂಟರ್ ನಿಂತಿದ್ದರು ಎಂದು ಹೇಳಿ. ಹಾಸಿಗೆ ಸರಿಪಡಿಸುವುದನ್ನು ಹತ್ತು ಸಲ ಮಾಡಿದರೆ ಕೈ ಕುದುರುತ್ತದೆ. ನೂರನೆಯ ಸಲ ಮಾಡುವಾಗ ಕಲಿಕೆ ಯಾವಾಗಲೋ ಮುಗಿದಿರುತ್ತದೆ, ಉಳಿದಿರುವುದು ಆಸ್ಪತ್ರೆಗಾದ ಉಳಿತಾಯ. ಒಮ್ಮೆ ಸರ್ಕಾರವೇ ಈ ವ್ಯತ್ಯಾಸವನ್ನು ಬಾಯಿಬಿಟ್ಟು ಒಪ್ಪಿತು. 2021ರ ಮೇ ತಿಂಗಳಲ್ಲಿ ಕೋವಿಡ್ಡಿನ ಎರಡನೇ ಅಲೆ ಏರಿದ್ದಾಗ, ಅಂತಿಮ ಪರೀಕ್ಷೆಗೆ ಕಾದಿದ್ದ ಜಿ.ಎನ್.ಎಂ., ಬಿ.ಎಸ್‌ಸಿ. ವಿದ್ಯಾರ್ಥಿಗಳನ್ನು ಹಿರಿಯ ಬೋಧಕರ ಮೇಲ್ವಿಚಾರಣೆಯಲ್ಲಿ ಪೂರ್ಣಾವಧಿ ಕೋವಿಡ್ ಸೇವೆಗೆ ಬಳಸಬಹುದೆಂದು ಕೇಂದ್ರ ಹೇಳಿತು. ಕೋವಿಡ್ ಸೇವೆಯಲ್ಲಿ 100 ದಿನ ಪೂರೈಸಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಎಂದೂ ಸೇರಿಸಿತು. ಆಪತ್ಕಾಲದಲ್ಲಿ ಅದು ಕೆಲಸವೆನಿಸಿತು, ಅದಕ್ಕೊಂದು ಪ್ರತಿಫಲವೂ ಕಂಡಿತು. ಸಾಮಾನ್ಯ ದಿನಗಳಲ್ಲಿ ಅಂಥದೇ ಕೈಗೆಲಸ ‘ಪೋಸ್ಟಿಂಗ್’.

ಎರಡನೆಯ ಆಕ್ಷೇಪ, ಕಷ್ಟಪಟ್ಟರೇ ಗಟ್ಟಿಯಾಗುವುದು ಎಂಬುದು. ಈ ವೃತ್ತಿಗೆ ಹುಟ್ಟಿನಿಂದಲೇ ಅಂಟಿದ ಕೆಲವು ಒತ್ತಡಗಳಿವೆ, ಅವನ್ನು ಯಾರೂ ತೆಗೆಯಲಾರರು. ಹದಿನೆಂಟರ ಹುಡುಗಿ ನಿನ್ನೆ ಮುಖ ಒರೆಸಿದ ರೋಗಿಯ ದೇಹವನ್ನು ಇಂದು ಬಟ್ಟೆಯಲ್ಲಿ ಸುತ್ತಬೇಕಾಗುತ್ತದೆ. ಪರಗಂಡಸಿನ ಮೈ ತೊಳೆಯುವುದು, ಕೀವು, ವಾಂತಿ, ಸುಟ್ಟ ಗಾಯದ ವಾಸನೆ, ಮಗುವನ್ನು ಕಳೆದುಕೊಂಡ ತಾಯಿಯ ಎದುರು ಏನು ಹೇಳಬೇಕೆಂದು ತೋಚದೆ ನಿಲ್ಲುವುದು, ಇವೆಲ್ಲ ಆಕೆ ಕಲಿಯಲೇಬೇಕಾದವು. ಕಲಿಯಲು ಜೊತೆ ಬೇಕು. ಮೊದಲ ಸಾವು ಕಂಡ ದಿನ ಹಿರಿಯ ಸಿಸ್ಟರ್ ಒಬ್ಬರು ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿದರೆ ಅದು ಶಿಕ್ಷಣ. ಹಾಸಿಗೆ ಖಾಲಿಯಾಯಿತು, ಬೇಗ ಒರೆಸು, ಮುಂದಿನ ರೋಗಿ ಹೊರಗಿದ್ದಾರೆ ಎಂದರೆ ಅದು ಬರಿಯ ಒರಟುತನ, ಅದರಿಂದ ಗಟ್ಟಿಯಾಗುವುದು ಕಲ್ಲಿನ ಗಟ್ಟಿ. ಇದಕ್ಕೆ ಹೊರತಾಗಿ ಮನುಷ್ಯರೇ ಮಾಡಿಟ್ಟ ಒತ್ತಡಗಳೂ ಇವೆ. ಎಲ್ಲರೆದುರು ಬೈಯುವುದು, ಪ್ರಶ್ನೆ ಕೇಳಿದವಳ ಇಂಟರ್ನಲ್ ಮಾರ್ಕ್ಸ್ ಕಡಿತವಾಗುವ ಭಯ, ಅಸಲು ಅಂಕಪಟ್ಟಿಗಳನ್ನು ಕಾಲೇಜೇ ಇಟ್ಟುಕೊಳ್ಳುವುದರಿಂದ ಬಿಟ್ಟುಹೋಗಲೂ ಆಗದ ಸ್ಥಿತಿ, ಇವುಗಳಿಂದ ಯಾವ ರೋಗಿಗೂ ಉಪಕಾರವಾಗಿಲ್ಲ. ರಕ್ಷಣೆಯ ಮಾತಂತೂ ಇನ್ನೂ ಗಂಭೀರ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಹೋಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಅವರ ಮೇಲೆ 1973ರ ನವೆಂಬರ್ 27ರಂದು ಹಲ್ಲೆ ನಡೆದದ್ದು ಆಸ್ಪತ್ರೆಯ ಒಳಗೇ, ಹಲ್ಲೆ ಮಾಡಿದವನು ಅಲ್ಲಿಯ ನೌಕರನೇ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಆಕೆಯನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸುಗಳು. ಬಟ್ಟೆ ಬದಲಿಸಲು ಚಿಲಕ ಇರುವ ಕೋಣೆ, ರಾತ್ರಿ ವಾರ್ಡಿನಿಂದ ಹಾಸ್ಟೆಲಿಗೆ ಬೆಳಕಿರುವ ದಾರಿ ಕೇಳುವುದನ್ನು ನಾಜೂಕುತನ ಎನ್ನುವವರು ಆ 42 ವರ್ಷಗಳನ್ನು ನೆನೆಯಬೇಕು.

ತ್ಯಾಗದ ಮಾತೂ ಇಲ್ಲಿಯೇ ಬಂದು ಸೇರುತ್ತದೆ. ಮೊದಲ ವರ್ಷದ ಮಕ್ಕಳು ದೀಪ ಹಿಡಿದು ಹೇಳುವ ‘ನೈಟಿಂಗೇಲ್ ಪ್ರತಿಜ್ಞೆ’ ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಸಂಗಡಿಗರು ರಚಿಸಿದ್ದು. ರೋಗಿಗಾಗಿ ಏನು ಮಾಡುತ್ತೇನೆ, ವೈದ್ಯರಿಗೆ ಹೇಗೆ ನಿಷ್ಠಳಾಗಿರುತ್ತೇನೆ ಎಂಬುದೆಲ್ಲ ಅದರಲ್ಲಿದೆ. ಅದೇ ವೇದಿಕೆಯ ಮೇಲೆ ಕುಳಿತ ಕಾಲೇಜು, ಆಸ್ಪತ್ರೆಗಳ ಹಿರಿಯರು ಆ ಮಗುವಿಗೆ ಪ್ರತಿಯಾಗಿ ಏನಾದರೂ ಮಾತು ಕೊಡುವ ಪದ್ಧತಿ ನಮ್ಮ ಸಮಾರಂಭಗಳಲ್ಲಿಲ್ಲ.

ಮೂರನೆಯ ಆಕ್ಷೇಪ ಹಣದ್ದು, ಉಳಿದೆರಡಕ್ಕಿಂತ ಕಠಿಣವಾದದ್ದು. ವಿದ್ಯಾರ್ಥಿಗಳನ್ನು ಸಿಬ್ಬಂದಿ ಲೆಕ್ಕದಿಂದ ತೆಗೆದರೆ ಆ ಜಾಗಕ್ಕೆ ನೇಮಕ ಆಗಬೇಕು. ಖರ್ಚು ರೋಗಿಯ ಬಿಲ್ಲಿಗೋ ಸರ್ಕಾರದ ಬೊಕ್ಕಸಕ್ಕೋ ಬೀಳುತ್ತದೆ. ಒಪ್ಪೋಣ. ಆದರೆ ಆ ಖರ್ಚು ಇಂದೂ ಯಾರೋ ಭರಿಸುತ್ತಿದ್ದಾರೆ, ಭರಿಸುತ್ತಿರುವವರು ಆಕೆಯ ಅಪ್ಪ ಅಮ್ಮ. ಬ್ರಿಟನ್ನಿನಲ್ಲಿ 1986ರ ‘ಪ್ರಾಜೆಕ್ಟ್ 2000’ ಎಂಬ ಯೋಜನೆ ಈ ಗಂಟನ್ನು ಬಿಡಿಸಲು ಹೊರಟಿತು: ವಿದ್ಯಾರ್ಥಿ ವಾರ್ಡಿಗೆ ಬರುತ್ತಾಳೆ, ಆದರೆ ಆ ಪಾಳಿಯ ಸಿಬ್ಬಂದಿ ಲೆಕ್ಕಕ್ಕೆ ಸೇರುವುದಿಲ್ಲ. ಎಲ್ಲವೂ ಸುಸೂತ್ರವಾಯಿತೆಂದು ಹೇಳುವಂತಿಲ್ಲ. ಹೊಸ ನರ್ಸುಗಳಿಗೆ ಪುಸ್ತಕ ಗೊತ್ತು, ಕೈ ಓಡದು ಎಂಬ ಗೊಣಗಾಟ ಅಲ್ಲೂ ಎದ್ದಿತು. ಲೆಕ್ಕಕ್ಕಿಲ್ಲದ ವಿದ್ಯಾರ್ಥಿಯನ್ನೂ ಜನ ಕಡಿಮೆಯಿದ್ದ ದಿನ ಎಳೆದು ಹಾಕಿಕೊಂಡದ್ದೂ ಉಂಟು. 2017ರಲ್ಲಿ ಇಂಗ್ಲೆಂಡ್ ನರ್ಸಿಂಗ್ ವಿದ್ಯಾರ್ಥಿವೇತನವನ್ನು ಕಿತ್ತುಹಾಕಿ ಸಾಲದ ಪದ್ಧತಿ ತಂದಾಗ ಅರ್ಜಿಗಳು ಇಳಿದವು, 2020ರಲ್ಲಿ ವರ್ಷಕ್ಕೆ 5,000 ಪೌಂಡ್ ಅನುದಾನವನ್ನು ಮತ್ತೆ ಕೊಡಬೇಕಾಯಿತು. ಆದರೂ ತತ್ತ್ವವನ್ನು ಅಲ್ಲಿ ಯಾರೂ ಕೈಬಿಟ್ಟಿಲ್ಲ. ಓದಿಗೆ ಹಾಕಿದ ಹಣ ವ್ಯರ್ಥವೆಂದೂ ಹೇಳುವಂತಿಲ್ಲ. 2014ರಲ್ಲಿ ಲಿಂಡಾ ಐಕನ್ ಮತ್ತು ಸಂಗಡಿಗರು ಯೂರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳನ್ನು ಅಭ್ಯಸಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪದವೀಧರ ನರ್ಸುಗಳ ಪಾಲು ಶೇ. 10 ಹೆಚ್ಚಿರುವ ಕಡೆ ಶಸ್ತ್ರಚಿಕಿತ್ಸೆಯ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ. 7 ಕಡಿಮೆ, ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದರೆ ಅದೇ ಸಂಭವ ಶೇ. 7 ಹೆಚ್ಚು. ಇವು ಜೊತೆಜೊತೆಗೆ ಕಂಡ ಸಂಗತಿಗಳು, ಕಾರಣವೆಂದು ಸಾಬೀತಾದವಲ್ಲ ಎಂದು ವಾದಿಸಬಹುದು. ಹಾಗೆಂದು ಅರ್ಧ ಕಲಿತ ಕೈಗಳಿಂದ ವಾರ್ಡು ತುಂಬಿಸುವುದು ಅಗ್ಗವೆಂದು ಹೇಳಲು ಅದು ಆಧಾರವಾಗದು.

ಕೊನೆಗೆ ಪದವಿ ಕೈಗೆ ಬಂದ ದಿನವೂ ಲೆಕ್ಕ ಚುಕ್ತಾ ಆಗುವುದಿಲ್ಲ. ಜಾಮೀನಿಲ್ಲದೆ ಬ್ಯಾಂಕು ಕೊಡುವ 4 ಲಕ್ಷ ರೂಪಾಯಿಯ ಶಿಕ್ಷಣ ಸಾಲವನ್ನು ಶೇ. 10 ಬಡ್ಡಿಯಲ್ಲಿ ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 6,600 ರೂಪಾಯಿ ಕಂತು. ಸುಪ್ರೀಂ ಕೋರ್ಟಿನ 2016ರ ಆದೇಶದ ಮೇರೆಗೆ ನೇಮಕಗೊಂಡ ತಜ್ಞರ ಸಮಿತಿ, 50 ಹಾಸಿಗೆಗಿಂತ ಚಿಕ್ಕದಾದ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ 20,000 ರೂಪಾಯಿಗೆ ಕಡಿಮೆಯಿರಬಾರದೆಂದಿತು. 200 ಹಾಸಿಗೆ ಮೀರಿದ ಕಡೆ ಸರ್ಕಾರಿ ನರ್ಸಿಗೆ ಸಮನಾದ ವೇತನ ಬೇಕೆಂದಿತು. ಶಿಫಾರಸು ಶಿಫಾರಸಾಗಿಯೇ ಉಳಿದ ಆಸ್ಪತ್ರೆಗಳು ಬೇಕಾದಷ್ಟಿವೆ. ಆ 20,000 ಸಿಕ್ಕರೂ ಮೂರನೇ ಒಂದು ಭಾಗ ಬ್ಯಾಂಕಿಗೇ ಹೋಗುತ್ತದೆ. ಅದಕ್ಕಾಗಿಯೇ ಮೂರನೆಯ ವರ್ಷದಿಂದಲೇ ಮಕ್ಕಳು ರಾತ್ರಿ ಪಾಳಿಯ ನಡುವೆ ಜರ್ಮನ್ ಪಾಠ ಕೇಳುತ್ತಾರೆ, ವಿದೇಶದ ಪರೀಕ್ಷೆಗಳಿಗೆ ಕೋಚಿಂಗ್ ಸೇರುತ್ತಾರೆ. ಇಲ್ಲಿಯ ರೋಗಿಗಳನ್ನು ಬಿಟ್ಟು ಹೋಗುತ್ತಾರೆಂದು ದೂರುವುದಕ್ಕೆ ಮುಂಚೆ ಈ ಕೂಡಿಸಿ ಕಳೆಯುವ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿ 1947ರ ಕಾಯ್ದೆಯ ಜಾಗದಲ್ಲಿ ಅದನ್ನು ತಂದಿತು. ಹೊಸ ಆಯೋಗದ ನಿಯಮಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದಕ್ಕೆ ಕಾಯಬೇಕಾದೀತು. ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಕಾಲೇಜಿಗೆ ತಪಾಸಣೆಗೆ ಬರುವ ತಂಡ ಹಾಸಿಗೆ ಎಣಿಸುತ್ತದೆ, ಗ್ರಂಥಾಲಯದ ಪುಸ್ತಕ ಎಣಿಸುತ್ತದೆ, ಬೋಧಕರ ಪ್ರಮಾಣಪತ್ರ ನೋಡುತ್ತದೆ. ಅದರ ಜೊತೆಗೆ ಕಳೆದ ಮೂರು ತಿಂಗಳ ವಿದ್ಯಾರ್ಥಿಗಳ ರಾತ್ರಿ ಡ್ಯೂಟಿ ಪಟ್ಟಿಯನ್ನೂ, ಅದೇ ರಾತ್ರಿಗಳಲ್ಲಿ ಅದೇ ವಾರ್ಡಿನಲ್ಲಿದ್ದ ಸ್ಟಾಫ್ ನರ್ಸುಗಳ ಮತ್ತು ಟ್ಯೂಟರುಗಳ ಪಟ್ಟಿಯನ್ನೂ ತರಿಸಿಕೊಂಡು, ಮೂರನ್ನೂ ಪಕ್ಕಪಕ್ಕ ಇಟ್ಟು ಓದಲಿ.